ರಾತ್ರಿಯೆಲ್ಲಾ ಸದ್ದಿಲ್ಲದೆ ಸೋರುತ್ತಿರುವ ನೀರು: ಭಾನುವಾರ ಎಲ್ಲರ ಮನೆಯ ಫ್ಲಶ್ ಟ್ಯಾಂಕ್ ನೋಡೋಣ

ಮನೆ 17, ಗುರುವಾರ ಬೆಳಿಗ್ಗೆ 6:10

ಎಲ್ಲರಿಗೂ ನಮಸ್ಕಾರ. ಬೆಳಗಾಗುವಷ್ಟರಲ್ಲಿ ಓವರ್‌ಹೆಡ್ ಟ್ಯಾಂಕ್ ಖಾಲಿ ಅಂತ ಹದಿನೈದು ದಿನದಿಂದ ನಮ್ಮ ಬಡಾವಣೆಯ ಈ ಗ್ರೂಪಿನಲ್ಲಿ ಮಾತಾಡುತ್ತಿದ್ದೇವೆ. ಬೋರ್ ಇಳಿದಿದೆ ಅಂದೆವು. ನೀರುಗಂಟಿ ಸರಿಯಾಗಿ ಬಿಡುತ್ತಿಲ್ಲ ಅಂದೆವು. ನಾನೂ ಅವರ ಮೇಲೆ ರೇಗಿದ್ದೆ. ಅದು ತಪ್ಪಾಯಿತು.

ನಿನ್ನೆ ರಾತ್ರಿ ಒಂದೂವರೆಗೆ ಟಾರ್ಚ್ ಹಿಡಿದು ಟ್ಯಾಂಕಿನ ಹತ್ತಿರ ಹೋದೆ. 38 ಮನೆಯಲ್ಲಿ ಒಂದರಲ್ಲೂ ದೀಪ ಇರಲಿಲ್ಲ. ಆದರೂ ಮನೆಗಳ ಕಡೆ ಹೋಗುವ ಪೈಪಿನ ಮೀಟರಿನಲ್ಲಿ ಆ ಸಣ್ಣ ಕೆಂಪು ಚಕ್ರ ತಿರುಗುತ್ತಲೇ ಇತ್ತು. ರೀಡಿಂಗ್ ಬರೆದುಕೊಂಡು ಬಂದೆ. ನಾಲ್ಕೂವರೆಗೆ ಮತ್ತೆ ಹೋದೆ. ಮೂರು ಗಂಟೆಯಲ್ಲಿ 410 ಲೀಟರ್ ಹೋಗಿತ್ತು. ಇದೇ ಲೆಕ್ಕ ಹಿಡಿದರೆ ದಿನಕ್ಕೆ 3,280 ಲೀಟರ್. ಎರಡು ದಿನಕ್ಕೆ ಒಂದು 6,000 ಲೀಟರ್ ಟ್ಯಾಂಕರಿಗಿಂತ ಜಾಸ್ತಿ ನೀರನ್ನು, ಯಾರೂ ಮುಟ್ಟದೆ, ಚರಂಡಿಗೆ ಬಿಡುತ್ತಿದ್ದೇವೆ.

ರಸ್ತೆಯಲ್ಲಿ ಎಲ್ಲೂ ತೇವ ಇಲ್ಲ. ನನ್ನ ಅನುಮಾನ ಟಾಯ್ಲೆಟ್ ಫ್ಲಶ್‌ಗಳ ಮೇಲೆ. ಯಾಕೆಂದರೆ ಬೆಳಿಗ್ಗೆ ನಮ್ಮ ಮನೆಯದನ್ನೇ ನೋಡಿದೆ, ಎರಡರಲ್ಲಿ ಒಂದು ಸೋರುತ್ತಿದೆ.

ಮನೆ 4, 6:32

ಸೋರಿದರೆ ಸದ್ದು ಬರಲ್ವಾ? ನಮ್ಮ ಮನೆಯಲ್ಲಿ ಏನೂ ಕೇಳಿಸುವುದಿಲ್ಲ.

ಮನೆ 17, 6:50

ನನಗೂ ಕೇಳಿಸಿರಲಿಲ್ಲ. ಕಮೋಡಿನ ಹಿಂಭಾಗದ ಒಳಗೋಡೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನ್ಯೂಸ್‌ಪೇಪರಿನ ಒಂದು ಪಟ್ಟಿ ಅಂಟಿಸಿ ನೋಡಿದೆ. ಐದು ನಿಮಿಷದಲ್ಲಿ ನೆನೆದು ಕಪ್ಪಾಯಿತು. ಕೂದಲೆಳೆಯಷ್ಟು ತೆಳ್ಳಗೆ ಇಳಿಯುವ ನೀರಿಗೆ ಸದ್ದು ಎಲ್ಲಿಂದ ಬರಬೇಕು?

ಆಮೇಲೆ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಕೆಳಗಿನ ಸಣ್ಣ ನಲ್ಲಿ, ಅಂದರೆ ಆಂಗಲ್ ಕಾಕ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿದೆ. ಒಂದು ಗಂಟೆಗೆ ಎರಡು ಸೆಂಟಿಮೀಟರ್ ಇಳಿಯಿತು. ನಮ್ಮ ಟ್ಯಾಂಕ್ ಒಳಗೆ 35 ಸೆಂಟಿಮೀಟರ್ ಉದ್ದ, 15 ಅಗಲ. ಗಂಟೆಗೆ ಒಂದು ಲೀಟರ್ ಆಯಿತು, ದಿನಕ್ಕೆ 25 ಲೀಟರ್. ಎರಡು ಕೊಡ ತುಂಬುವಷ್ಟು.

ಮನೆ 29, 7:15

ಇಷ್ಟಕ್ಕೆಲ್ಲ ನಮ್ಮ ನೀರೇ ಕಾರಣ. ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪಿಗೆ ನೊರೆ ಬರುವುದಿಲ್ಲ, ಗೀಸರ್ ಕಾಯಿಲ್ ವರ್ಷಕ್ಕೊಂದು ಬೇಕು. ಫ್ಲಶ್ ಮಾತ್ರ ಉಳಿಯುತ್ತದಾ?

ಮನೆ 11, 7:40

ನಾನು ನಿವೃತ್ತಿಯಾಗುವವರೆಗೂ ನೀರು ಸರಬರಾಜಿನ ಕೆಲಸದಲ್ಲೇ ಇದ್ದವನು. ಮನೆ 29 ಹೇಳಿದ್ದು ಸರಿ, ಕಾರಣವನ್ನೂ ಹೇಳುತ್ತೇನೆ.

ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಮ್ಮ ಬಡಾವಣೆಗೆ ಸಾವಿರ ಅಡಿ ದಾಟಿದ ಬೋರ್ ನೀರೇ ಗತಿ. ಬಂಡೆಯ ಸೀಳಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಹೋದ ವರ್ಷ ನಮ್ಮ ಬೋರ್ ನೀರು ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 640 ಮಿಲಿಗ್ರಾಂ ಬಂದಿತ್ತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುವುದು 200. ಬೇರೆ ಮೂಲ ಇಲ್ಲದ ಕಡೆ 600ರ ತನಕ ಒಪ್ಪುತ್ತಾರೆ. ನಮ್ಮದು ಅದನ್ನೂ ದಾಟಿದೆ.

ನೆಲದೊಳಗೆ ಈ ಸುಣ್ಣ ಕರಗಿಕೊಂಡೇ ಇರುತ್ತದೆ. ಮೇಲೆ ಬಂದು ಗಾಳಿಗೆ ತೆರೆದಾಗ ನೀರಿನಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಸುಣ್ಣ ಗಟ್ಟಿಯಾಗಿ ಅಂಟುತ್ತದೆ. ಫ್ಲಶ್ ಟ್ಯಾಂಕಿನ ತಳದಲ್ಲಿ ರಬ್ಬರ್ ರಿಂಗ್ ಕೂರುವ ಒಂದು ಬಾಯಿ ಇದೆಯಲ್ಲ, ಪ್ರತಿ ಸಲ ಫ್ಲಶ್ ಮಾಡಿದಾಗ ಅದು ಗಾಳಿಗೆ ಬಂದು ಮತ್ತೆ ಮುಳುಗುತ್ತದೆ. ಅಂಟುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ಕಾಳಿನಷ್ಟು ಕಟ್ಟಿದರೆ ಸಾಕು, ರಿಂಗ್ ಸರಿಯಾಗಿ ಕೂರುವುದಿಲ್ಲ. ಆ ಸಂದಿಯಲ್ಲಿ ಸೋರುವ ನೀರು ಇನ್ನಷ್ಟು ಸುಣ್ಣ ತಂದು ಅಲ್ಲೇ ಕಟ್ಟುತ್ತದೆ.

ಮನೆ 17, 8:05

ಸರ್, ನೀವು ಹೇಳಿದ ಹಾಗೇ ಇದೆ. ಫ್ಲಶ್ ಟ್ಯಾಂಕಿನೊಳಗೆ ನೀರು ಬಿಡುವ ವಾಲ್ವನ್ನು ಕಾಲು ಸುತ್ತು ತಿರುಗಿಸಿ ಮೇಲೆತ್ತಿದೆ. ತಳದ ಬಾಯಿಯ ಅಂಚಿನಲ್ಲಿ ಉಪ್ಪಿನ ಹರಳಿನಂಥ ಬಿಳಿ ಕಟ್ಟಿದೆ. ಉಗುರಿನಲ್ಲಿ ಕೆರೆದರೂ ಬರಲಿಲ್ಲ. ರಬ್ಬರ್ ರಿಂಗಿನ ಮೇಲೆ ಅದೇ ಹರಳುಗಳ ಗುಳಿ ಮೂಡಿದೆ, ಮುದ್ರೆ ಒತ್ತಿದ ಹಾಗೆ.

ಮನೆ 22, 9:20

ನಮ್ಮ ಪ್ಲಂಬರ್ ಟ್ಯಾಂಕ್ ಸಮೇತ ಹೊಸದು ಹಾಕಿ ಅನ್ನುತ್ತಿದ್ದಾರೆ. ಆಸಿಡ್ ಸುರಿದರೆ ಹೋಗುತ್ತದೆ ಅಂತಲೂ ಹೇಳಿದರು.

ಮನೆ 11, 9:45

ಎರಡೂ ಬೇಡ. ಆಸಿಡ್ ಖಂಡಿತ ಬೇಡ. ಅದು ಸುಣ್ಣದ ಜೊತೆಗೆ ರಬ್ಬರನ್ನೂ, ಒಳಗಿನ ಬೋಲ್ಟನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು (ಸೌಮ್ಯವಾದ ಸಿಟ್ರಿಕ್ ಆಸಿಡ್ ಪುಡಿ) ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಹಾಕಿ. ಬಿಚ್ಚಿದ ವಾಲ್ವನ್ನು ಅದರಲ್ಲಿ ಒಂದು ಗಂಟೆ ನೆನೆಸಿ. ಟ್ಯಾಂಕಿನ ಬಾಯಿಗೆ ಅದೇ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿಡಿ. ಆಮೇಲೆ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ. ಚಾಕು, ಸ್ಕ್ರೂ ಡ್ರೈವರ್ ಹಾಕಿ ಕೆರೆಯಬೇಡಿ. ಪ್ಲಾಸ್ಟಿಕ್ ಮೇಲೆ ಗೀರು ಬಿದ್ದರೆ ಹೊಸ ರಿಂಗ್ ಹಾಕಿದರೂ ಸೋರುತ್ತದೆ.

ಟ್ಯಾಂಕಿನೊಳಗೆ ನೀಲಿ ಮಾತ್ರೆ ಹಾಕುವವರು ದಯವಿಟ್ಟು ನಿಲ್ಲಿಸಿ. ಕ್ಲೋರಿನ್ ಇರುವ ಮಾತ್ರೆ ರಬ್ಬರನ್ನು ಬೇಗ ಹಾಳು ಮಾಡುತ್ತದೆ.

ಮನೆ 35, 10:30

ಸೋರುತ್ತಿದೆಯೋ ಇಲ್ಲವೋ ನೋಡಲು ಟ್ಯಾಂಕಿಗೆ ಅರಿಶಿನ ಹಾಕಬಹುದಾ?

ಮನೆ 17, 10:41

ಅರಿಶಿನ ಸರಿಯಾಗಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಸಾಕು. ಟ್ಯಾಂಕಿಗೆ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರುತ್ತಿದೆ ಅಂತ ಅರ್ಥ. ಟ್ಯಾಂಕಿನೊಳಗೆ ನಿಂತಿರುವ ಓವರ್‌ಫ್ಲೋ ಪೈಪಿನ ಬಾಯಿಯನ್ನೂ ನೋಡಿ. ನೀರು ಅದರ ಅಂಚಿನ ತನಕ ಬಂದು ಒಳಗೆ ಇಳಿಯುತ್ತಿದ್ದರೆ ಕೆಳಗಿನ ರಿಂಗ್ ಚೆನ್ನಾಗಿದ್ದರೂ ಇರಬಹುದು, ನೀರು ತುಂಬಿಸುವ ಫ್ಲೋಟ್ ವಾಲ್ವ್ ಮುಚ್ಚುತ್ತಿಲ್ಲ. ಎರಡೂ ಬೇರೆ ಬೇರೆ ರೋಗ. ಇದು ಗೊತ್ತಿಲ್ಲದೆ ನಾನು ಹೋದ ವರ್ಷ ಸುಮ್ನೆ ಫ್ಲೋಟ್ ವಾಲ್ವ್ ಬದಲಾಯಿಸಿ ದುಡ್ಡು ಕಳೆದುಕೊಂಡೆ.

ಮನೆ 8, ಮಧ್ಯಾಹ್ನ 1:15

ನಾವು ಮುಂದಿನ ತಿಂಗಳು ಮೇಲಿನ ಮನೆಗೆ ಹೊಸ ಟಾಯ್ಲೆಟ್ ಹಾಕಿಸುತ್ತಿದ್ದೇವೆ. ಗೋಡೆಯೊಳಗೆ ಮುಚ್ಚುವ ಟ್ಯಾಂಕ್ ನೋಡಲು ಚೆನ್ನಾಗಿದೆ. ಹಾಕಿಸಬಹುದಾ?

ಮನೆ 11, 2:00

ನಮ್ಮ ನೀರಿಗೆ ನಾನು ಬೇಡ ಅನ್ನುತ್ತೇನೆ. ಅದರ ರಿಪೇರಿಯೆಲ್ಲ ಬಟನ್ ಪ್ಲೇಟಿನ ಸಣ್ಣ ಕಿಂಡಿಯಲ್ಲೇ ಆಗಬೇಕು. ಹಾಕಲೇಬೇಕು ಅಂದರೆ ಒಳಗಿನ ಎಲ್ಲ ಭಾಗ ಆ ಕಿಂಡಿಯಿಂದ ಹೊರಗೆ ಬರುತ್ತದೆ ಅನ್ನುವುದನ್ನು ಅಂಗಡಿಯಲ್ಲೇ ಬಿಚ್ಚಿ ತೋರಿಸಲು ಹೇಳಿ.

ಟ್ಯಾಂಕೇ ಇಲ್ಲದೆ ಗೋಡೆಯ ಪೈಪಿಗೆ ನೇರ ಕೂರಿಸುವ ಫ್ಲಶ್ ವಾಲ್ವ್ ಇನ್ನೂ ಕಷ್ಟ. ಅದು ತಾನಾಗಿ ಮುಚ್ಚಿಕೊಳ್ಳುವುದು ಸೂಜಿಮೊನೆಯಂಥ ಒಂದು ತೂತಿನಿಂದ. ಆ ತೂತಿಗೆ ಸುಣ್ಣ ಕಟ್ಟಿದರೆ ನೀರು ನಿಲ್ಲುವುದೇ ಇಲ್ಲ.

ನನ್ನ ಆಯ್ಕೆ ಹಳೇ ಸೈಫನ್ ಟ್ಯಾಂಕ್. ಹಿಡಿ ಎಳೆದಾಗ ನೀರು ಒಂದು ಬಾಗಿದ ಕೊಳವೆ ಹತ್ತಿ ಆಚೆ ಇಳಿಯುತ್ತದೆ. ನೀರಿನಡಿ ಮುಚ್ಚುವ ರಿಂಗೇ ಇಲ್ಲ, ಹಾಗಾಗಿ ರಿಂಗಿನಿಂದ ಸೋರುವ ಮಾತೂ ಇಲ್ಲ. ಇಂಗ್ಲೆಂಡಿನಲ್ಲಿ 2001ಕ್ಕೆ ಮುಂಚೆ ಮನೆಗಳಿಗೆ ಸೈಫನ್ನೇ ಹಾಕಬೇಕು ಅಂತ ನಿಯಮ ಇತ್ತು, ನೀರು ಪೋಲಾಗಬಾರದು ಅನ್ನುವ ಕಾರಣಕ್ಕೇ. ಅದರಲ್ಲೂ ತೊಂದರೆ ಇಲ್ಲ ಅನ್ನುವುದಿಲ್ಲ. ಹಿಡಿಯನ್ನು ಗಟ್ಟಿಯಾಗಿ ಎಳೆಯಬೇಕು. ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದರೆ ಎರಡು ಮೂರು ಸಲ ಎಳೆಯಬೇಕಾಗುತ್ತದೆ. ಆದರೆ ಆಗ ನಿಮಗೆ ಗೊತ್ತಾಗುತ್ತದೆ. ಕದ್ದು ಸೋರುವುದಿಲ್ಲ.

ಮನೆ 26, 2:20

ನಮ್ಮ ಅಮ್ಮನಿಗೆ ಹಿಡಿ ಎಳೆಯಲು ಆಗುವುದಿಲ್ಲ. ಎರಡು ಬಟನ್ನಿಂದೇ ಬೇಕು.

ಮನೆ 11, 2:35

ಹಾಗಿದ್ದರೆ ಅದನ್ನೇ ಹಾಕಿ, ಅರ್ಧ ಫ್ಲಶ್‌ನಲ್ಲಿ ನೀರೂ ಉಳಿಯುತ್ತದೆ. ತೆಗೆದುಕೊಳ್ಳುವಾಗ ಕೆಳಗಿನ ರಿಂಗ್ ಸಿಲಿಕೋನಿನದಾ ಅಂತ ಕೇಳಿ. ರಿಂಗ್ ಒಂದನ್ನೇ ಬಿಡಿಯಾಗಿ ಕೊಡುತ್ತಾರಾ ಕೇಳಿ. ಕೊಡುವುದಿಲ್ಲ ಅಂದರೆ ಆ ಮಾಡೆಲ್ ಬಿಡಿ, ಎಷ್ಟೇ ಚೆನ್ನಾಗಿರಲಿ. ನಮ್ಮ ನೀರಿನಲ್ಲಿ ರಿಂಗ್ ಬದಲಾಯಿಸಿಕೊಂಡೇ ಇರಬೇಕು.

ಫ್ಲೋಟ್ ವಾಲ್ವಿಗೆ ಇನ್ನೊಂದು ಮಾತು. ಓವರ್‌ಹೆಡ್ ಟ್ಯಾಂಕ್ ಮೂರು ಮೀಟರ್ ಮೇಲಿದ್ದರೆ ಸಿಗುವ ಪ್ರೆಶರ್ 0.3 ಬಾರ್ ಮಾತ್ರ. ಕೆಲವು ಹೊಸ ವಾಲ್ವ್‌ಗಳು ಇಷ್ಟು ಕಡಿಮೆ ಪ್ರೆಶರಿಗೆ ಪೂರ್ತಿ ಮುಚ್ಚುವುದಿಲ್ಲ. ಡಬ್ಬದ ಮೇಲೆ ಕನಿಷ್ಠ ಪ್ರೆಶರ್ ಬರೆದಿರುತ್ತಾರೆ, ಓದಿ ತೆಗೆದುಕೊಳ್ಳಿ. ಉದ್ದ ಕೈಯ ಹಿತ್ತಾಳೆ ಬಾಲ್ ಕಾಕ್ ಈಗಲೂ ಒಳ್ಳೆಯದೇ, ವಾಷರ್ ಹಾಕಿದರೆ ಮತ್ತೆ ಹೊಸದು.

ಮನೆ 31, 3:10

ಇಡೀ ಬಡಾವಣೆಗೆ ನೀರಿನ ಗಡಸುತನ ತೆಗೆಯುವ ಒಂದು ಸಾಫ್ಟ್‌ನರ್ ಹಾಕಿದರೆ ಈ ಗೋಳೇ ಇರಲ್ಲ ಅಲ್ವಾ?

ಮನೆ 17, 3:30

ಫ್ಲಶ್ ಮಾಡುವ ನೀರಿಗೂ ಸಾಫ್ಟ್‌ನರ್ ಹಾಕುವುದು ದಂಡ ಅನ್ನಿಸುತ್ತದೆ. ಅದಕ್ಕೆ ಆಗಾಗ ಉಪ್ಪು ಹಾಕಿ ತೊಳೆಯಬೇಕು, ತೊಳೆದ ನೀರೂ ಚರಂಡಿಗೇ. ಅದರ ಬದಲು ಮಳೆನೀರು ಯೋಚಿಸೋಣ. 1,200 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,100 ಲೀಟರ್. ಅದರಲ್ಲಿ ಸುಣ್ಣ ಇರುವುದಿಲ್ಲ. ಮನೆ 8, ನೀವು ಹೊಸ ಪೈಪ್ ಹಾಕಿಸುವಾಗಲೇ ಟಾಯ್ಲೆಟ್‌ಗೆ ಬೇರೆ ಲೈನ್ ಎಳೆಸಿಡಿ, ಆಮೇಲೆ ಗೋಡೆ ಒಡೆಯುವುದು ಬೇಡ.

ಈಗ ಭಾನುವಾರದ ವಿಷಯ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಣ್ಣ ಹಾಕಿ. ಸೋರಿದರೆ ಇಲ್ಲಿ ಮನೆ ನಂಬರ್ ಹಾಕಿ, ನಾಚಿಕೆ ಬೇಡ. ಹಳೇ ರಿಂಗ್ ಬಿಚ್ಚಿ ಕವರಿನಲ್ಲಿ ಹಾಕಿ ನಂಬರ್ ಬರೆದು ನನಗೆ ಕೊಡಿ. ಕ್ಲಾಕ್ ಟವರ್ ಕಡೆ ಅಂಗಡಿಗೆ ಹೋಗಿ ಅಳತೆ ನೋಡಿ ಒಟ್ಟಿಗೆ ತರುತ್ತೇನೆ. ಬಾಡಿಗೆಗೆ ಇರುವವರು ಓನರ್ ಒಪ್ಪಿಗೆಗೆ ಕಾಯಬೇಡಿ, ರಿಂಗಿನ ದುಡ್ಡು ಸಂಘದಿಂದ ಕೊಡೋಣ. ಬಗ್ಗಲು ಆಗದವರ ಮನೆಗೆ ನಾವೇ ಬರುತ್ತೇವೆ.

ಮನೆ 2, 4:00

ನಾನು ಒಬ್ಬಳೇ ಇರುವುದು. ಆ ಮುಚ್ಚಳ ಎತ್ತಲು ನನ್ನಿಂದ ಆಗುವುದಿಲ್ಲಪ್ಪ. ಬರುವಾಗ ಕಾಫಿಗೆ ಸಮಯ ಇಟ್ಟುಕೊಂಡು ಬನ್ನಿ.

ಮನೆ 17, ಭಾನುವಾರ ರಾತ್ರಿ 8:30

36 ಮನೆ ನೋಡಿದ್ದಾಯಿತು. 71 ಟಾಯ್ಲೆಟ್‌ನಲ್ಲಿ 29 ಸೋರುತ್ತಿದ್ದವು. 21ರಲ್ಲಿ ಕೆಳಗಿನ ರಿಂಗ್, 8ರಲ್ಲಿ ಫ್ಲೋಟ್ ವಾಲ್ವ್. ಹನ್ನೆರಡು ರಿಂಗ್‌ಗೆ ಏನೂ ಆಗಿರಲಿಲ್ಲ, ನಿಂಬೆ ಉಪ್ಪಿನಲ್ಲಿ ತೊಳೆದು ಹಾಕಿದ ಮೇಲೆ ಬಣ್ಣ ಇಳಿಯಲಿಲ್ಲ. ಉಳಿದವಕ್ಕೆ ಹೊಸದು ಹಾಕಿದೆವು. ಮನೆ 2ರ ಅಜ್ಜಿಯ ಟ್ಯಾಂಕಿನಲ್ಲಿ ನೀರು ಓವರ್‌ಫ್ಲೋ ಪೈಪಿನಲ್ಲಿ ಬೆರಳು ದಪ್ಪ ಹೋಗುತ್ತಿತ್ತು. ಎಷ್ಟು ದಿನದಿಂದಲೋ. ಅದೀಗ ನಿಂತಿದೆ.

ಮನೆ 17, ಸೋಮವಾರ ಬೆಳಿಗ್ಗೆ 5:00

ಮತ್ತೆ ಒಂದೂವರೆಯಿಂದ ನಾಲ್ಕೂವರೆ ತನಕ ನೋಡಿದೆ. 410 ಇದ್ದದ್ದು 60 ಲೀಟರಿಗೆ ಬಂದಿದೆ. ಕೆಂಪು ಚಕ್ರ ನಿಂತು ನಿಂತು ತಿರುಗುತ್ತಿದೆ. ಬೀಗ ಹಾಕಿರುವ ಮನೆ 6 ಮತ್ತು 19 ಬಾಕಿ ಇವೆ. ಕೀಲಿ ಯಾರ ಹತ್ತಿರ ಇದೆ ಹೇಳಿ, ಇವತ್ತು ಸಂಜೆ ಹೋಗಿ ಆಂಗಲ್ ಕಾಕ್ ಆದರೂ ಬಂದ್ ಮಾಡಿ ಬರುತ್ತೇನೆ.