ತನಿಖೆಯ ಮುಖ್ಯ ಆರೋಪವೇ ಬಿದ್ದುಹೋದರೆ ಉಳಿಯೋದೇನು?

ಪ್ರಶ್ನೆ:
ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಯಾನೊಮಾಮಿ ಪ್ರಕರಣ ತಲೆಯಿಂದ ಹೋಗುತ್ತಲೇ ಇಲ್ಲ. ಬ್ರೆಜಿಲ್ ಮತ್ತು ವೆನೆಜುವೆಲಾ ಎರಡೂ ಕಡೆ ಅಮೆಜಾನ್ ಕಾಡಿನಲ್ಲಿರುವ ಈ ಜನರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ನೆಪೋಲಿಯನ್ ಶಾಗ್ನನ್ ಮತ್ತು ತಳಿವಿಜ್ಞಾನಿ ಜೇಮ್ಸ್ ನೀಲ್ ವಿರುದ್ಧ ಪ್ಯಾಟ್ರಿಕ್ ಟಿಯರ್ನಿ 2000ದಲ್ಲಿ ತನಿಖಾ ಪುಸ್ತಕ ಬರೆದರು. 1968ರಲ್ಲಿ ನೀಲ್ ತಂಡ ಹಾಕಿದ ಲಸಿಕೆಯಿಂದಲೇ ದಡಾರ ಜಾಸ್ತಿ ಆಯಿತು ಎಂಬ ಆರೋಪ ಆಮೇಲೆ ನಿಲ್ಲಲಿಲ್ಲ. ಹಾಗಾದರೆ ಇಡೀ ತನಿಖೆ ದಂಡವೇ?

ಉತ್ತರ 1:
ಲಸಿಕೆಯ ಮಟ್ಟಿಗೆ ಅದು ಅನ್ಯಾಯವೇ. ಹಬ್ಬುತ್ತಿದ್ದ ದಡಾರವನ್ನು ತಡೆಯಲು ಹಾಕಿದ ಲಸಿಕೆ ಅದು. ಪುಸ್ತಕ ಬರುವ ಹೊತ್ತಿಗೆ ನೀಲ್ ತೀರಿಕೊಂಡಿದ್ದರು, ಉತ್ತರ ಕೊಡೋಕೂ ಇರಲಿಲ್ಲ. ಪುಸ್ತಕದ ಆರೋಪಗಳ ಬಗ್ಗೆ ಅಮೆರಿಕದ ಮಾನವಶಾಸ್ತ್ರ ಸಂಘ ಒಪ್ಪಿಕೊಂಡಿದ್ದ ವಿಚಾರಣಾ ವರದಿಯನ್ನು ಅದರ ಸದಸ್ಯರೇ 2005ರಲ್ಲಿ ಮತ ಹಾಕಿ ಕೈಬಿಟ್ಟರು.

ಉತ್ತರ 2:
ನಾನು ಲ್ಯಾಬ್ ಟೆಕ್ನಿಷಿಯನ್. ಟ್ಯೂಬಿಗೆ ಚೀಟಿ ಅಂಟಿಸುವಾಗ ಎದುರಿಗೆ ಕೂತವರು, ಇನ್ನೂ ಹತ್ತಿ ಒತ್ತಿಕೊಂಡೇ, ಕೇಳೋದು ಒಂದೇ: "ರಿಪೋರ್ಟ್ ಯಾವಾಗ ಸಿಗುತ್ತೆ?" ಯಾನೊಮಾಮಿಗಳಿಗೆ ಆ ರಿಪೋರ್ಟ್ ಬರಲೇ ಇಲ್ಲ. ನೀಲ್ ತಂಡದವರು ಸಂಶೋಧನೆಗೆಂದು ಕೊಡಲಿ, ಮಚ್ಚು, ಪಾತ್ರೆ ಕೊಟ್ಟು ಸಾವಿರಾರು ಜನರ ರಕ್ತ ತೆಗೆದರು. ರೋಗ ಕಂಡುಹಿಡಿಯೋಕೆ ಅಂತ ನಂಬಿ ಅವರು ತೋಳು ಚಾಚಿದ್ದರು. ಆ ರಕ್ತ ಅಮೆರಿಕದ ಫ್ರೀಜರ್‌ಗಳಲ್ಲಿ ದಶಕಗಟ್ಟಲೆ ಇತ್ತು.

ಅವರಲ್ಲಿ ಯಾರಾದರೂ ಸತ್ತರೆ ಹೆಣ ಸುಡುತ್ತಾರೆ, ಅವರ ವಸ್ತುಗಳನ್ನೂ ಉಳಿಸುವುದಿಲ್ಲ, ಹೆಸರು ಕೂಡ ಎತ್ತುವುದಿಲ್ಲ. ಅಂಥವರಿಗೆ ಸತ್ತ ಅಮ್ಮನ ರಕ್ತ ಪರದೇಶದಲ್ಲಿ ಇನ್ನೂ ಇದೆ ಅಂತ ಗೊತ್ತಾದರೆ ಹೇಗಿರಬೇಡ! ಬಹಳ ಜನರಿಗೆ ಅದು ತಿಳಿದದ್ದು ಈ ಪುಸ್ತಕದ ಗದ್ದಲ ಎದ್ದ ಮೇಲೆಯೇ. ಹಾಗಾಗಿ ದಂಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ 3:
ಗದ್ದಲ ಎದ್ದದ್ದು ಪುಸ್ತಕದಿಂದ, ಸರಿ. ಆದರೆ ಬಿಡದೆ ಕೇಳಿ ರಕ್ತ ವಾಪಸ್ ತರಿಸಿದ್ದು ಯಾನೊಮಾಮಿಗಳು. ಅವರ ನಾಯಕ ದಾವಿ ಕೊಪೆನಾವಾ ಚಿಕ್ಕಂದಿನಲ್ಲೇ ದಡಾರಕ್ಕೆ ತಾಯಿಯನ್ನು ಕಳೆದುಕೊಂಡವರು. ನೆಲದ ಹಕ್ಕಿಗೆ ಹೋರಾಡಿದರು, 1992ರಲ್ಲಿ ಬ್ರೆಜಿಲ್ ಅವರ ಗಡಿ ಗುರುತಿಸಿತು. ಆಮೇಲೆ ರಕ್ತಕ್ಕೂ ಪಟ್ಟು ಹಿಡಿದರು. 2015ರಲ್ಲಿ 2,693 ಸೀಸೆಗಳು ಬಂದವು. ಕಾಡಿನಲ್ಲೇ ಮಣ್ಣು ಮಾಡಿದರು. ಇದನ್ನು ಬರೀ ವಿದ್ವಾಂಸರ ಜಗಳ ಅಂತ ಬರೆದರೆ ಇವರೆಲ್ಲ ಅಡಿಟಿಪ್ಪಣಿಗೆ ಹೋಗಿಬಿಡುತ್ತಾರೆ ಅಲ್ವಾ?

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ವೆನೆಜುವೆಲಾ ಕಡೆಯ ಯಾನೊಮಾಮಿಗಳಿಂದಲೂ ರಕ್ತ ತೆಗೆದಿದ್ದರಲ್ಲ, ನನ್ನ ಬರಹವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.