ಪ್ರಿಂಟ್‌ಎಫ್ ಬರೆದದ್ದು ಒಂದು ಸಲ, ಸಾಲು ಬರುತ್ತಿರುವುದು ಎರಡು ಸಲ! ತಲೆ ಕೆಟ್ಟು ಹೋಗಿದೆ

ಪಾಯಿಂಟರ್‌ಪಾಪು: ಸಿ ಪ್ರೋಗ್ರಾಮಿಂಗ್ ಕಲಿಯಲು ಶುರು ಮಾಡಿ ಎರಡು ತಿಂಗಳು. ಈ ವಾರ ಫೋರ್ಕ್, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ (ಪ್ರೋಸೆಸ್) ಒಂದು ನಕಲು ಮಾಡುವ ಕರೆ; ಮೂಲ ಪೇರೆಂಟ್, ನಕಲು ಚೈಲ್ಡ್. ಮೊದಲು "ಶುರು" ಅಂತ ಸಾಲು ಬರೆಯುವ ಒಂದು ಪ್ರಿಂಟ್‌ಎಫ್, ಆಮೇಲೆ ಫೋರ್ಕ್, ಚೈಲ್ಡ್ ಒಂದು ಸಾಲು, ಪೇರೆಂಟ್ ಒಂದು ಸಾಲು. ಮೂರು ಬರಬೇಕು, ನಾಲ್ಕು ಬರುತ್ತಿದೆ. "ಶುರು" ಎರಡು ಸಲ! ಚೈಲ್ಡ್ ಮತ್ತೆ ಮೇನ್‌ನಿಂದ, ಅಂದರೆ ಮೊದಲಿಂದ, ಓಡುತ್ತದಾ? ನಿನ್ನೆ ಸರಿಯಿತ್ತು. ಏನೂ ಬದಲಾಯಿಸಿಲ್ಲ.

ಕರ್ನಲ್‌ಕಾಕಾ: ಲೂಪ್ ಒಳಗೆ ಫೋರ್ಕ್ ಇಟ್ಟಿದ್ದೀರಿ. ಮೂರು ಸುತ್ತು ಹೋದರೆ ಎಂಟು ಪ್ರೋಸೆಸ್. ಹೊಸಬರೆಲ್ಲರ ಕಥೆಯೂ ಇದೇ.

ಪಾಯಿಂಟರ್‌ಪಾಪು: ಲೂಪೇ ಇಲ್ಲ ಸರ್.

ಕರ್ನಲ್‌ಕಾಕಾ: ಹಾಗಾದರೆ ಎರಡು ಕಡೆ ಕರೆದಿದ್ದೀರಿ. ಕೋಡ್ ಹಾಕಿ.

ಪಾಯಿಂಟರ್‌ಪಾಪು: ಫೋಟೋ ಹಾಕಿದ್ದೇನೆ. ಫೋರ್ಕ್ ಒಂದೇ.

ಬಿಸಿಬೇಳೆಬಿಟ್: ಸ್ಕ್ರೀನ್‌ಗೆ ಮೊಬೈಲ್ ಹಿಡಿದು ಕೋಡ್ ತೋರಿಸಬೇಡಿ ಮಾರಾಯ್ರೆ. ವಿಂಡೋಸ್ ಒಳಗಿನ ಲಿನಕ್ಸಾ ಇದು? ಎಡವಟ್ಟು ಅಲ್ಲೇ. ನನ್ನದು 2012ರ ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪ್, ಡೆಬಿಯನ್ ಲಿನಕ್ಸ್. ಒಂದು ದಿನವೂ ಕೈ ಕೊಟ್ಟಿಲ್ಲ.

ಕರ್ನಲ್‌ಕಾಕಾ: ಥಿಂಕ್‌ಪ್ಯಾಡ್‌ಗೂ ಇದಕ್ಕೂ ಏನು ಸಂಬಂಧ? 1970ರ ದಶಕದ ಯುನಿಕ್ಸ್‌ನಿಂದಲೂ ಚೈಲ್ಡ್ ಮುಂದುವರಿಯುವುದು ಫೋರ್ಕ್ ಆದ ಜಾಗದಿಂದಲೇ. ಎರಡನೇ ಫೋರ್ಕ್ ಎಲ್ಲೋ ಇದೆ. ಕೋಡನ್ನು ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ನೋಡುವ ಜಿಡಿಬಿ ಹಾಕಿ ಹುಡುಕಿ.

ಬಿಸಿಬೇಳೆಬಿಟ್: ಇಷ್ಟಕ್ಕೆ ಜಿಡಿಬಿಯಾ? ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಸಾಕು.

ಕರ್ನಲ್‌ಕಾಕಾ: ಎಸ್‌ಟ್ರೇಸ್ ಓದಲು ಬರುವವರು ಇಲ್ಲಿಗೆ ಯಾಕೆ ಬರುತ್ತಾರೆ?

ಸೆಗ್‌ಫಾಲ್ಟ್‌ಸಾವಿತ್ರಿ: ಇಬ್ಬರೂ ಸ್ವಲ್ಪ ತಡೀರಿ. ಪಾಪು, ಔಟ್‌ಪುಟ್ ಫೈಲಿಗೆ ಕಳಿಸುತ್ತಿದ್ದೀರಾ?

ಪಾಯಿಂಟರ್‌ಪಾಪು: ಹೌದು ಮೇಡಂ, ಇವತ್ತು ಬೆಳಗ್ಗೆಯಿಂದ. ಲ್ಯಾಬ್ ರೆಕಾರ್ಡ್‌ಗೆ ಪ್ರಿಂಟ್ ತೆಗೆಯಬೇಕಲ್ಲ. ಅದನ್ನೂ ಹೇಳಬೇಕಿತ್ತಾ?

ಸೆಗ್‌ಫಾಲ್ಟ್‌ಸಾವಿತ್ರಿ: ಅದೊಂದನ್ನೇ ಹೇಳಬೇಕಿತ್ತು! ಟರ್ಮಿನಲ್ ಆದರೆ ಪ್ರಿಂಟ್‌ಎಫ್ ಒಂದೊಂದು ಸಾಲು ಮುಗಿದ ಕೂಡಲೇ ಹೊರಗೆ ಕಳಿಸುತ್ತದೆ. ಫೈಲೋ ಪೈಪೋ ಆದರೆ ಬಫರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 4096 ಬೈಟ್ ತುಂಬಬೇಕು, ಇಲ್ಲವೇ ಪ್ರೋಗ್ರಾಂ ಮುಗಿಯಬೇಕು. ಆ ಬಫರ್ ಇರುವುದು ಕರ್ನಲ್‌ನಲ್ಲಿ ಅಲ್ಲ, ನಿಮ್ಮ ಪ್ರೋಸೆಸ್‌ನ ಮೆಮೊರಿಯಲ್ಲಿ. ಫೋರ್ಕ್ ಆದಾಗ ಇನ್ನೂ ಹೊರಬೀಳದ "ಶುರು"ವಿಗೂ ಒಂದು ನಕಲು ಆಯಿತು. ಕೊನೆಗೆ ಪೇರೆಂಟ್, ಚೈಲ್ಡ್ ಇಬ್ಬರೂ ತಂತಮ್ಮ ಬಫರ್ ಖಾಲಿ ಮಾಡಿದರು. ಪ್ರಿಂಟ್‌ಎಫ್ ಓಡಿದ್ದು ಒಂದೇ ಸಲ. ಫೋರ್ಕ್‌ಗೆ ಮುಂಚೆ ಬಫರ್ ಖಾಲಿ ಮಾಡುವ ಎಫ್‌ಫ್ಲಶ್ ಹಾಕಿ.

ಬಿಸಿಬೇಳೆಬಿಟ್: ನಾನು ಎಸ್‌ಟ್ರೇಸ್ ಅಂದದ್ದು ಇದಕ್ಕೇ. ರೈಟ್ ಕರೆ ಕೊನೆಯಲ್ಲಿ ಎರಡು ಸಲ ಕಾಣುತ್ತಿತ್ತು.

ಕರ್ನಲ್‌ಕಾಕಾ: ಫ್ಲಶ್ ಯಾಕೆ? ಚೈಲ್ಡ್‌ನಲ್ಲಿ ಅಂಡರ್‌ಸ್ಕೋರ್ ಎಕ್ಸಿಟ್ ಕರೆದರೆ ಆಯ್ತಲ್ಲ.

ಸೆಗ್‌ಫಾಲ್ಟ್‌ಸಾವಿತ್ರಿ: ಅದು ಬಫರ್ ಖಾಲಿ ಮಾಡದೆ ಹೊರಡುತ್ತದೆ ಕಾಕಾ. ಚೈಲ್ಡ್ ಬರೆದ ಸಾಲೂ ಹೋಯಿತು.

ಕರ್ನಲ್‌ಕಾಕಾ: ಅದು ಬೇರೆ ವಿಷಯ.

ಪಾಯಿಂಟರ್‌ಪಾಪು: ಎಫ್‌ಫ್ಲಶ್ ಹಾಕಿದೆ, ಮೂರೇ ಸಾಲು!! ಥ್ಯಾಂಕ್ಸ್ ಮೇಡಂ. ಆದರೆ ಪೇರೆಂಟ್ ಸಾಲು ಒಮ್ಮೆ ಮೊದಲು ಬರುತ್ತದೆ, ಒಮ್ಮೆ ಆಮೇಲೆ. ಇದೂ ಬಫರಾ?

ಕರ್ನಲ್‌ಕಾಕಾ: ಚೈಲ್ಡ್ ಮುಗಿಯುವವರೆಗೆ ಕಾಯುವ ವೇಟ್ ಕರೆದಿದ್ದೀರಾ? ಫೋಟೋದಲ್ಲಿ ಕೆಳಗಿನ ಸಾಲು ಕಟ್ ಆಗಿದೆ.