ಅಪ್‌ಡೇಟ್: ಶಟ್‌ಡೌನ್ ಆದ ಮೇಲೂ ಉಳಿಯುತ್ತಿದ್ದ 3.3 ವೋಲ್ಟ್
ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಪಂಪ್‌ಹೌಸಿನಲ್ಲಿರುವ ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್ ಬೋರ್ಡ್) ಶಟ್‌ಡೌನ್ ಆದರೂ ಸೆನ್ಸರಿನ ಕೆಂಪು ಎಲ್‌ಇಡಿ ಉರೀತಾನೇ ಇರುತ್ತೆ, ಸೋಲಾರ್ ಬ್ಯಾಟರಿ ಸುಮ್ನೆ ಇಳಿಯುತ್ತೆ ಎಂದು ಕೇಳಿದ್ದೆ ಅಲ್ವಾ? ಸರಿಹೋಯಿತು!

ಬೂಟ್‌ಲೋಡರ್ (ಪೈ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ನೋಡಿ ಎಂದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಅದು ಇರುವ ಈಪ್ರಾಮ್ (ಬೋರ್ಡಿನ ಮೆಮೊರಿ ಚಿಪ್) ಕಾನ್ಫಿಗ್‌ನಲ್ಲಿ 'ಪವರ್ ಆಫ್ ಆನ್ ಹಾಲ್ಟ್' (ಶಟ್‌ಡೌನ್ ಆದಾಗ ಪವರ್ ಕಡಿಯುವುದು) 1 ಮಾಡಿದೆ. ಅದೊಂದೇ ಸಾಲದು, 'ವೇಕ್ ಆನ್ ಜಿಪಿಐಒ' (ಬೋರ್ಡಿನ ಪಿನ್ನಿಗೆ ಹಾಕಿದ ಬಟನ್ನಿನಿಂದ ಎಬ್ಬಿಸುವುದು) 0 ಕೂಡ ಆಗಬೇಕು. ನಾನು ಎರಡು ದಿನ ಒದ್ದಾಡಿದ್ದು ಇಲ್ಲೇ. ಆಮೇಲೆ ಮೀಟರ್ ಕಡ್ಡಿ ಪೈನ ಮೊದಲನೇ ಪಿನ್ನಿಗೆ (3.3 ವೋಲ್ಟ್ ಪಿನ್) ಇಟ್ಟು ಶಟ್‌ಡೌನ್ ಕೊಟ್ಟೆ. 3.3 ಇದ್ದದ್ದು ಕಣ್ಣೆದುರೇ ಸೊನ್ನೆಗೆ ಇಳಿಯಿತು. ಎಲ್‌ಇಡಿಯೂ ಆರಿತು.

ಆದರೆ 5 ವೋಲ್ಟ್ ಪಿನ್ ಹಾಗೇ ಜೀವಂತ. ಅದು ಅಡಾಪ್ಟರಿನಿಂದ ನೇರ ಬರುತ್ತದೆ. ಅದರಿಂದ ಓಡುವ ರಿಲೇ ಬೋರ್ಡಿಗೆ (ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚಿನ ಬೋರ್ಡ್) ಬೇರೆ ಸ್ವಿಚ್ ಹಾಕಬೇಕು. ಜಿಪಿಐಒ ಪಿನ್ನಿನ ಬಟನ್ನಿನಿಂದ ಪೈ ಎಬ್ಬಿಸುವುದೂ ಈಗ ಆಗಲ್ಲ, ನಾನು ಪವರ್ ತೆಗೆದು ಮತ್ತೆ ಕೊಡುತ್ತೇನೆ. ಪರವಾಗಿಲ್ಲ, ನನಗೆ ಬ್ಯಾಟರಿ ಉಳಿಯೋದೇ ಮುಖ್ಯ.